ಬೆರಕೆ ತೆನೆ ಕಣ್ಣಿಗೇಕೆ ತಪ್ಪುತ್ತದೆ?

ಬೀಜೋತ್ಪಾದನೆಗೆಂದು ಭತ್ತ ಬೆಳೆಯುವ ರೈತರಿಗೆ ಬೆರಕೆ ಕೀಳುವ ಕೆಲಸದ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಳ್ಳೆಯ ಮೂಲ ಬೀಜ ತಂದು, ಸಾಲಿನಲ್ಲಿ ನಾಟಿ ಮಾಡಿ, ಸಕಾಲಕ್ಕೆ ಗೊಬ್ಬರ ಕೊಟ್ಟು, ಅಕ್ಕಪಕ್ಕದ ಬೇರೆ ತಳಿಯ ಗದ್ದೆಯಿಂದ 3 ಮೀಟರ್ ಅಂತರ ಬಿಟ್ಟರೂ, ಬೆರಕೆ ಉಳಿದರೆ ತಾಕು ತಿರಸ್ಕೃತವಾಗುತ್ತದೆ. ಬೀಜವಾಗಿ ಹೋಗಬೇಕಾದ ಭತ್ತ ಗಿರಣಿಗೆ ಹೋಗುತ್ತದೆ.

ಭದ್ರಾ ನಾಲೆಯ ನೀರುಣ್ಣುವ ಭದ್ರಾವತಿ, ಶಿವಮೊಗ್ಗ ತಾಲ್ಲೂಕುಗಳ ರೈತರು ಬೀಜದ ತಾಕಿನ ವಿಷಯ ಬಂದಾಗ ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: "ಎರಡು ಸಲ ಗದ್ದೆಗೆ ಆಳು ಇಳಿಸಿದೆ, ಆದರೂ ಬೆರಕೆ ಉಳಿದಿದೆ. ಆಳುಗಳು ಸರಿಯಾಗಿ ನೋಡುವುದಿಲ್ಲ." ಇದು ನಿಜವೇ? ಆಳುಗಳು ನೋಡುವುದಿಲ್ಲವೆಂದಲ್ಲ. ನೋಡಿದರೂ ಕಾಣುವುದಿಲ್ಲ. ನೋಡುವುದು ಬೇರೆ, ಕಾಣುವುದು ಬೇರೆ. ಮನುಷ್ಯನ ಕಣ್ಣು ಮತ್ತು ಮಿದುಳು ಗುಂಪಿನೊಳಗಿನ ಒಂದು ವಸ್ತುವನ್ನು ಹೇಗೆ ಹುಡುಕುತ್ತವೆ ಎಂಬುದನ್ನು ತಿಳಿದುಕೊಂಡರೆ, ಅಷ್ಟೇ ಕೂಲಿಯಲ್ಲಿ ಇನ್ನೂ ಹೆಚ್ಚು ಬೆರಕೆಯನ್ನು ತೆಗೆಯಬಹುದು.

ನಾನೇ ತಪ್ಪಿದ ಸಂದರ್ಭ

ಕೆಲವು ವರ್ಷಗಳ ಹಿಂದೆ ಭದ್ರಾವತಿಯ ಸಮೀಪದ ಹಳ್ಳಿಯೊಂದರಲ್ಲಿ ಬೇಸಿಗೆ ಬೆಳೆಯ ಬೀಜದ ತಾಕು ನೋಡಲು ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಸಮಯ. ರೈತರೊಡನೆ ಬದುವಿನ ಮೇಲೆ ಒಂದು ಸುತ್ತು ಬಂದೆ. ತೆನೆ ಒಂದೇ ಸಮನಾಗಿ ಹೊರಟಿತ್ತು. ಎತ್ತರವಾಗಿ ಎದ್ದ ನಾಲ್ಕಾರು ಬುಡಗಳನ್ನು ತೋರಿಸಿ, "ಇವನ್ನು ಕಿತ್ತರೆ ಸಾಕು, ತಾಕು ಚೆನ್ನಾಗಿದೆ" ಎಂದು ಹೇಳಿದೆ. ಪಕ್ಕದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ತಲೆ ಎತ್ತಿ, "ಇಲ್ಲ ಸಾರ್, ಒಳಗೆ ಕಾಡುಭತ್ತ ಐತೆ. ಬದೀನ ಮೇಲಿಂದ ಕಾಣಾಕಿಲ್ಲ. ಬೆಳಿಗ್ಗೆ ಎಳೆಬಿಸಿಲಾಗೆ ಇಳಿದು ನೋಡ್ರಿ" ಎಂದರು. ಸರಿ ಅಮ್ಮ, ಎಂದು ತಲೆಯಾಡಿಸಿ ಬಂದೆನೇ ಹೊರತು ಆ ಮಾತಿಗೆ ಬೆಲೆ ಕೊಡಲಿಲ್ಲ. ರೈತರು ನನ್ನ ಮಾತನ್ನು ನಂಬಿ ಇನ್ನೊಂದು ಸಲ ಆಳು ಇಳಿಸಲಿಲ್ಲ. ಕೊನೆಯ ತಪಾಸಣೆಯಲ್ಲಿ ಕಾಡುಭತ್ತ ಮಿತಿ ಮೀರಿ ಕಂಡುಬಂದು ತಾಕು ತಿರಸ್ಕೃತವಾಯಿತು. ಡಾಕ್ಟರೇಟ್ ಪಡೆದ ನನ್ನ ಕಣ್ಣಿಗೆ ಕಾಣದ್ದು ಆ ತಾಯಿಯ ಕಣ್ಣಿಗೆ ಹೇಗೆ ಕಂಡಿತು? ಈ ಲೇಖನದ ಹಿಂದಿರುವುದು ಈ ಪ್ರಶ್ನೆಯೇ.

ಕೆಲಸ ಎಷ್ಟು ದೊಡ್ಡದು?

ಮೊದಲು ಲೆಕ್ಕ ನೋಡೋಣ. 20 ಸೆಂ.ಮೀ. ಸಾಲು, 10 ಸೆಂ.ಮೀ. ಬುಡದ ಅಂತರದಲ್ಲಿ ನಾಟಿ ಮಾಡಿದರೆ ಚದರ ಮೀಟರಿಗೆ 50 ಬುಡ, ಎಕರೆಗೆ ಸುಮಾರು ಎರಡು ಲಕ್ಷ ಬುಡಗಳಾಗುತ್ತವೆ. ಬೀಜ ಪ್ರಮಾಣೀಕರಣದ ನಿಯಮದಂತೆ ಭತ್ತದ ಪ್ರಮಾಣಿತ ಬೀಜದ ತಾಕಿನಲ್ಲಿ ಬೇರೆ ತಳಿಯ ಗಿಡಗಳು ಶೇಕಡ 0.20ನ್ನು ಮೀರಬಾರದು; ಮೂಲ ಬೀಜದ ತಾಕಿನಲ್ಲಿ ಶೇಕಡ 0.05ನ್ನು ಮೀರಬಾರದು. ಕಾಡುಭತ್ತಕ್ಕಂತೂ ಇನ್ನೂ ಬಿಗಿ: ಪ್ರಮಾಣಿತ ಬೀಜಕ್ಕೆ ಶೇಕಡ 0.02, ಮೂಲ ಬೀಜಕ್ಕೆ ಶೇಕಡ 0.01. ಬುಡದ ಲೆಕ್ಕದಲ್ಲಿ ಹೇಳುವುದಾದರೆ, ಪ್ರಮಾಣಿತ ಬೀಜದ ಒಂದು ಎಕರೆಯಲ್ಲಿ ಎರಡು ಲಕ್ಷ ಬುಡಗಳ ನಡುವೆ 40 ಕಾಡುಭತ್ತದ ಬುಡಗಳಿಗಿಂತ ಹೆಚ್ಚು ಉಳಿಯಬಾರದು.

ಒಬ್ಬ ಆಳು ಎರಡು ಮೀಟರ್ ಅಗಲದ ಪಟ್ಟಿಯನ್ನು ನೋಡುತ್ತ ನಡೆದರೆ ಒಂದು ಎಕರೆಗೆ ಎರಡು ಕಿಲೋಮೀಟರ್ ನಡೆಯಬೇಕು. ಕೆಸರಿನಲ್ಲಿ ನಿಧಾನವಾಗಿ ಎರಡು ಗಂಟೆಯಲ್ಲಿ ಮುಗಿಸಿದರೆ, ಸೆಕೆಂಡಿಗೆ ಸುಮಾರು 28 ಬುಡಗಳು ಕಣ್ಣ ಮುಂದೆ ಸಾಗಿಹೋಗುತ್ತವೆ. ಆದರೆ ನಮ್ಮ ಕಣ್ಣು ಒಂದು ಸೆಕೆಂಡಿನಲ್ಲಿ ಮೂರು ನಾಲ್ಕು ಕಡೆ ಮಾತ್ರ ನಿಂತು ನೋಡಬಲ್ಲದು. ಅಷ್ಟೇ ಅಲ್ಲ, ಪ್ರತಿ ಸಲವೂ ಸ್ಪಷ್ಟವಾಗಿ ಕಾಣುವ ಭಾಗ ಬಹಳ ಚಿಕ್ಕದು. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿರಿ. ಆ ಉಗುರಿನಷ್ಟು ಅಗಲ ಮಾತ್ರ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ. ಉಳಿದದ್ದೆಲ್ಲ ಮಸುಕು. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ ಎಂಬುದು ಮಿದುಳು ನಮಗೆ ಮೂಡಿಸುವ ಭ್ರಮೆ.

ಆದ್ದರಿಂದ ಪ್ರತಿಯೊಂದು ಬುಡವನ್ನೂ ಬಿಡಿಬಿಡಿಯಾಗಿ ನೋಡುವುದು ಯಾರಿಂದಲೂ ಆಗದ ಕೆಲಸ. ಬೆರಕೆ ತಾನಾಗಿ ಎದ್ದು ಕಾಣಬೇಕು. ಇಲ್ಲವೇ ಎದ್ದು ಕಾಣುವಂತೆ ನಾವು ಮಾಡಿಕೊಳ್ಳಬೇಕು.

ಎದ್ದು ಕಾಣುವುದು ಯಾವುದು, ಅಡಗುವುದು ಯಾವುದು?

ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗಿಲೇಡ್ ಎಂಬ ಮನೋವಿಜ್ಞಾನಿಗಳು 1980ರಲ್ಲಿ ಈ ವಿಷಯವಾಗಿ ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಆಧಾರವಾಗಿವೆ. ಹುಡುಕಬೇಕಾದ ವಸ್ತು ಒಂದೇ ಗುಣದಲ್ಲಿ, ಉದಾಹರಣೆಗೆ ಬಣ್ಣದಲ್ಲಿ, ಉಳಿದವುಗಳಿಂದ ಬೇರೆಯಾಗಿದ್ದರೆ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಸುತ್ತ ಐದು ವಸ್ತುಗಳಿರಲಿ, ಮೂವತ್ತಿರಲಿ, ಹಿಡಿಯುವ ಕಾಲ ಹೆಚ್ಚುಕಡಿಮೆ ಒಂದೇ. ಆದರೆ ಎರಡು ಗುಣಗಳನ್ನು ಕೂಡಿಸಿ ಹುಡುಕಬೇಕಾದಾಗ, ಅಂದರೆ 'ಇದೇ ಬಣ್ಣ ಮತ್ತು ಇದೇ ಆಕಾರ' ಎಂದಾಗ, ಒಂದೊಂದನ್ನೇ ಪರೀಕ್ಷಿಸುತ್ತ ಹೋಗಬೇಕಾಗುತ್ತದೆ. ಸುತ್ತಲಿನ ವಸ್ತುಗಳು ಹೆಚ್ಚಿದಂತೆ ಕಾಲವೂ ಹೆಚ್ಚುತ್ತದೆ.

ಗದ್ದೆಯಲ್ಲಿ ಇದನ್ನು ದಿನವೂ ಕಾಣುತ್ತೇವೆ. ಕಾಂಡ ಕೊರಕದಿಂದ ಬರುವ ಬಿಳಿ ತೆನೆ ಹಸಿರಿನ ನಡುವೆ ಬೆಳ್ಳಗೆ, ನೆಟ್ಟಗೆ ನಿಂತಿರುತ್ತದೆ. ಸೈಕಲ್ ಮೇಲೆ ಹೋಗುವವನಿಗೂ ಕಾಣುತ್ತದೆ. ಅದೇ ಕೀಟದ ಮೊಟ್ಟೆಗುಂಪು ಎಲೆಯ ತುದಿಯ ಬಳಿ ಕಂದುಮಿಶ್ರಿತ ಹಳದಿ ರೋಮದ ಹೊದಿಕೆಯಲ್ಲಿದ್ದು, ಒಣಗಿದ ಎಲೆತುದಿಗಳ ನಡುವೆ ಅಡಗಿಹೋಗುತ್ತದೆ. ಕಾಣುವ ಹೊತ್ತಿಗೆ ಮಾಡುವುದೇನೂ ಇರುವುದಿಲ್ಲ. ಮಾಡಬಹುದಾದ ಹೊತ್ತಿನಲ್ಲಿ ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ರೈತರು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಹಾಳೆಯ ತುಂಬ ಸೊನ್ನೆಗಳನ್ನು ಬರೆದು, ನಡುವೆ ಒಂದು ಸೊನ್ನೆಗೆ ಬಾಲ ಎಳೆಯಿರಿ. ಮಕ್ಕಳು ತಕ್ಷಣ ಅದನ್ನು ತೋರಿಸುತ್ತಾರೆ. ಇನ್ನೊಂದು ಹಾಳೆಯಲ್ಲಿ ಎಲ್ಲ ಸೊನ್ನೆಗಳಿಗೂ ಬಾಲ ಎಳೆದು ಒಂದನ್ನು ಮಾತ್ರ ಬಿಡಿ. ಈಗ ಹುಡುಕುವುದು ತಡವಾಗುತ್ತದೆ. ಇದ್ದದ್ದು ಕಾಣುವಷ್ಟು ಸುಲಭವಾಗಿ ಇಲ್ಲದ್ದು ಕಾಣುವುದಿಲ್ಲ. ಮೀಸೆ ಇಲ್ಲದ ತಳಿಯಲ್ಲಿ ಮೀಸೆಯುಳ್ಳ ತೆನೆ ಕಾಣುತ್ತದೆ. ಮೀಸೆಯುಳ್ಳ ತಳಿಯಲ್ಲಿ ಬೋಳು ತೆನೆ ಅಡಗುತ್ತದೆ. ಎತ್ತರದ ಗಿಡ ಕಾಣುತ್ತದೆ. ಗಿಡ್ಡ ಗಿಡ ಅಡಗುತ್ತದೆ. ನಾನು ಬದುವಿನ ಮೇಲಿಂದ ಕಂಡದ್ದು ಎತ್ತರದ ಬುಡಗಳನ್ನು ಮಾತ್ರ. ಬೆಳೆಯಷ್ಟೇ ಎತ್ತರವಿದ್ದ ಕಾಡುಭತ್ತ ನನ್ನ ಕಣ್ಣು ತಪ್ಪಿಸಿತು.

ನಮ್ಮ ಕಣ್ಣೇ ಬೆಳೆಸಿದ ಕಳೆ

ಕಳೆಗಳು ಬೆಳೆಯನ್ನು ಹೋಲುವುದು ಆಕಸ್ಮಿಕವಲ್ಲ. ಊದಲಿನ ಹತ್ತಿರದ ಸಂಬಂಧಿಯಾದ ಎಕಿನೋಕ್ಲೋವ ಜಾತಿಯ ಹುಲ್ಲು ಎಳೆಯದಿದ್ದಾಗ ಭತ್ತದಂತೆಯೇ ಕಾಣುತ್ತದೆ. ಕೈಯಿಂದ ಕಳೆ ಕೀಳುವಾಗ ಬೇರೆಯಾಗಿ ಕಂಡ ಗಿಡ ಹೋಗುತ್ತದೆ. ಭತ್ತವನ್ನು ಹೋಲುವ ಗಿಡ ಉಳಿದು ಬೀಜ ಉದುರಿಸುತ್ತದೆ. ತಲೆಮಾರುಗಳ ಕಾಲ ಹೀಗೆ ನಡೆದರೆ ಕಳೆಯೇ ಬೆಳೆಯ ವೇಷ ಹಾಕುತ್ತದೆ. ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ ಈ ವಿಚಾರವನ್ನು ಗುರುತಿಸಿದ್ದರಿಂದ ಇದಕ್ಕೆ ವವಿಲೋವ್ ಅನುಕರಣೆ ಎಂದೇ ಹೆಸರು. ಚೀನಾದ ಯಾಂಗ್‌ಟ್ಸೆ ನದಿ ಪ್ರದೇಶದ ಈ ಹುಲ್ಲಿನ ಬಗ್ಗೆ 2019ರಲ್ಲಿ ಪ್ರಕಟವಾದ ಅನುವಂಶೀಯ ಅಧ್ಯಯನವು, ಅಲ್ಲಿ ಭತ್ತದ ವೇಷದ ಹುಲ್ಲು ಸುಮಾರು ಸಾವಿರ ವರ್ಷಗಳ ಹಿಂದೆ ರೂಪುಗೊಂಡಿತೆಂದು ತೋರಿಸಿದೆ.

ಆದರೆ ವೇಷಕ್ಕೂ ಒಂದು ಮಿತಿಯಿದೆ. ಭತ್ತದಲ್ಲಿ ಎಲೆಯು ಕಾಂಡವನ್ನು ಸೇರುವ ಜಾಗದಲ್ಲಿ ನಾಲಿಗೆಯಂಥ ಬಿಳಿಯ ಪೊರೆ ಇರುತ್ತದೆ. ಈ ಹುಲ್ಲಿನಲ್ಲಿ ಅದು ಇರುವುದಿಲ್ಲ. ಅನುಮಾನ ಬಂದ ಗಿಡದ ಎಲೆಯನ್ನು ಹಿಂದಕ್ಕೆ ಬಾಗಿಸಿ ನೋಡಿದರೆ ತಿಳಿಯುತ್ತದೆ. ಕಾಡುಭತ್ತಕ್ಕೆ ಈ ಪರೀಕ್ಷೆ ನಡೆಯದು, ಅದೂ ಭತ್ತವೇ. ಅದನ್ನು ಮೀಸೆಯಿಂದ, ಬಲಿಯುವ ಮೊದಲೇ ಉದುರುವ ಕಾಳಿನಿಂದ, ಸಿಪ್ಪೆ ಸುಲಿದರೆ ಕಾಣುವ ಕೆಂಪು ಅಕ್ಕಿಯಿಂದ ಗುರುತಿಸಬೇಕು.

ವೇಷವನ್ನು ಕಳಚುವ ಜಾಣ ಉಪಾಯವೊಂದು ಛತ್ತೀಸ್‌ಗಢದಿಂದ ಬಂದಿದೆ. ಅಲ್ಲಿ ಕಾಡುಭತ್ತದ ಕಾಟ ಹೆಚ್ಚು. ರಾಯಪುರದ ಕೃಷಿ ವಿಶ್ವವಿದ್ಯಾಲಯ 'ಶ್ಯಾಮಲಾ' ಎಂಬ ನೇರಳೆ ಎಲೆಯ ಭತ್ತದ ತಳಿಯನ್ನು ಕೊಟ್ಟಿತು. ನೇರಳೆ ಬೆಳೆಯ ನಡುವೆ ಹಸಿರಾಗಿ ಕಂಡದ್ದೆಲ್ಲ ಕಳೆ. ಕಣ್ಣಿಗೆ ಕಷ್ಟವಾದ ಹುಡುಕಾಟ ಒಂದೇ ಏಟಿಗೆ ಸುಲಭವಾಯಿತು. ನಮ್ಮಲ್ಲಿ ಸಾಲು ನಾಟಿಯೂ ಸ್ವಲ್ಪಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಸಾಲು ತಪ್ಪಿ ನಿಂತ ಗಿಡವನ್ನು ನಾವು ನೆಟ್ಟಿಲ್ಲ ಎಂಬುದು ನೋಡಿದೊಡನೆ ಗೊತ್ತಾಗುತ್ತದೆ.

ಅಪರೂಪದ್ದು ಹೆಚ್ಚು ತಪ್ಪುತ್ತದೆ

ಇದು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಅಮೆರಿಕದಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ರೀತಿಯಲ್ಲಿ, ಚಿತ್ರಗಳ ರಾಶಿಯೊಳಗೆ ಗೊತ್ತುಪಡಿಸಿದ ವಸ್ತುವನ್ನು ಜನ ಹುಡುಕಬೇಕಿತ್ತು. ನೂರರಲ್ಲಿ 50 ಚಿತ್ರಗಳಲ್ಲಿ ಆ ವಸ್ತು ಇದ್ದಾಗ ಅವರು ತಪ್ಪಿಸಿಕೊಂಡದ್ದು ಶೇಕಡ 7 ಮಾತ್ರ. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ತಪ್ಪಿದ್ದು ಶೇಕಡ 30. ವಸ್ತು ಅದೇ, ಕಣ್ಣೂ ಅದೇ. 'ಇಲ್ಲ, ಇಲ್ಲ' ಎಂದು ಹೇಳಿ ಹೇಳಿ ಅಭ್ಯಾಸವಾದ ಮನಸ್ಸು ಬೇಗ ಬೇಗ 'ಇಲ್ಲ' ಎಂದು ಮುಂದೆ ಸಾಗುತ್ತದೆ.

ಬೆರಕೆ ಕೀಳುವಾಗ ನಾವು ಹುಡುಕುವುದು ನೂರಕ್ಕೆ ಒಂದನ್ನಲ್ಲ, ಸಾವಿರಕ್ಕೆ ಒಂದೆರಡನ್ನು. ಅಂದರೆ ತಾಕು ಚೊಕ್ಕಟವಾದಷ್ಟೂ ಉಳಿದ ಬೆರಕೆ ಕಾಣುವುದು ಕಷ್ಟ. ಮೊದಲ ಸುತ್ತಿಗಿಂತ ಕೊನೆಯ ಸುತ್ತಿಗೆ ಹೆಚ್ಚು ನಿಧಾನ ಬೇಕು. ನಾವು ಮಾಡುವುದು ಇದಕ್ಕೆ ಸರಿಯಾಗಿ ತಿರುಗುಮುರುಗು.

ಇದರ ಜೊತೆಗೆ ಇನ್ನೆರಡು ದೌರ್ಬಲ್ಯಗಳಿವೆ. ಎಕ್ಸ್‌ರೇ ನೋಡುವ ವೈದ್ಯರಲ್ಲಿ ಬಹಳ ಹಿಂದೆಯೇ ಕಂಡುಕೊಂಡದ್ದೇನೆಂದರೆ, ಒಂದು ದೋಷ ಸಿಕ್ಕ ಕೂಡಲೇ ಮನಸ್ಸಿಗೆ ತೃಪ್ತಿಯಾಗಿ ಅದೇ ಚಿತ್ರದ ಎರಡನೆಯ ದೋಷ ತಪ್ಪಿಹೋಗುತ್ತದೆ. ಗದ್ದೆಯಲ್ಲಿಯೂ ಅಷ್ಟೆ, ಒಂದು ಬುಡ ಕಿತ್ತ ಸಮಾಧಾನದಲ್ಲಿ ಪಕ್ಕದ್ದು ಉಳಿಯುತ್ತದೆ. ಎರಡನೆಯದು, ಹುಡುಕುತ್ತಿರುವುದನ್ನು ಬಿಟ್ಟು ಬೇರೇನೂ ಕಾಣದಿರುವುದು. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳಲ್ಲಿ ಗಂಟು ಹುಡುಕುತ್ತಿದ್ದ 24 ತಜ್ಞ ವೈದ್ಯರಲ್ಲಿ 20 ಮಂದಿ, ಅದೇ ಚಿತ್ರದೊಳಗೆ ಬೇಕೆಂದೇ ಸೇರಿಸಿದ್ದ ಗೊರಿಲ್ಲದ ಚಿತ್ರವನ್ನು ಕಾಣಲಿಲ್ಲ. ಆದ್ದರಿಂದ ಬೆರಕೆ ಕೀಳುವ ಆಳಿಗೆ "ಹಾಗೇ ಬುಡದಲ್ಲಿ ಕಂದು ಜಿಗಿಹುಳು ಇದೆಯೇ ನೋಡು" ಎಂದು ಹೇಳಿದರೆ ಎರಡು ಕೆಲಸವೂ ಕೆಡುತ್ತವೆ. ಜಿಗಿಹುಳು ನೋಡಲು ಬೇರೆ ದಿನ ಇಳಿದು, ಬುಡ ಬಗ್ಗಿಸಿ, ನೀರಿನ ಮಟ್ಟದಲ್ಲಿ ನೋಡಬೇಕು.

ಕಣ್ಣಿನ ದಣಿವನ್ನೂ ಮರೆಯಬಾರದು. ರೇಡಾರ್ ಕಾವಲುಗಾರರ ಸಮಸ್ಯೆಯನ್ನು ತಿಳಿಯಲು ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲ ಅರ್ಧ ಗಂಟೆಯ ನಂತರ ಗುರುತಿಸುವ ಶಕ್ತಿ ಇಳಿದದ್ದು ಕಂಡುಬಂದಿತು.

ಅನುಸರಿಸಬೇಕಾದ ಕ್ರಮಗಳು

1. ಒಂದು ಸುತ್ತಿಗೆ ಒಂದೇ ಗುಣ: ತೆಂಡೆ ಒಡೆಯುವ ಹಂತದಲ್ಲಿ ಎಲೆ ಮತ್ತು ಕಾಂಡದ ಬಣ್ಣ, ಹೂ ಬಿಡುವ ಹಂತದಲ್ಲಿ ಮೊದಲೇ ಅಥವಾ ತಡವಾಗಿ ತೆನೆ ಹೊರಟ ಬುಡಗಳು ಮತ್ತು ಎತ್ತರ, ಕಾಳು ಕಟ್ಟಿದ ಮೇಲೆ ಮೀಸೆ, ಕಾಳಿನ ಬಣ್ಣ ಮತ್ತು ಆಕಾರ. "ಬೇರೆ ಥರ ಇದ್ದದ್ದನ್ನೆಲ್ಲ ಕೀಳಿ" ಎಂದು ಹೇಳಬಾರದು. "ಈ ಹೊತ್ತು ಮೀಸೆ ಇರುವುದನ್ನು ಮಾತ್ರ" ಎಂದು ಹೇಳಬೇಕು. ಕಾಡುಭತ್ತವನ್ನು ಕಾಳು ಉದುರುವ ಮೊದಲೇ ತೆಗೆಯಬೇಕು.

2. ಕೈಯಲ್ಲಿ ಮಾದರಿ: ತಳಿಯ ನಿಜವಾದ ಒಂದು ತೆನೆ ಮತ್ತು ಬೆರಕೆಯ ಒಂದು ತೆನೆಯನ್ನು ಪ್ರತಿಯೊಬ್ಬರ ಕೈಗೂ ಕೊಡಬೇಕು. ಬಾಯಿಮಾತಿನ ವಿವರಣೆಗಿಂತ ಕಣ್ಣಿಗೆ ಕಂಡ ರೂಪ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

3. ಕಣ್ಣಿಗೆ ಅಭ್ಯಾಸ: ಗದ್ದೆಗೆ ಇಳಿಯುವ ಮೊದಲು ಒಳ್ಳೆಯ ತೆನೆ ಮತ್ತು ಬೆರಕೆ ತೆನೆಗಳನ್ನು ಸಮಸಮವಾಗಿ ಬೆರೆಸಿ ಹತ್ತು ನಿಮಿಷ ಬೇರ್ಪಡಿಸಲು ಕೊಡಿ, ತಪ್ಪಿದ್ದನ್ನು ಆಗಲೇ ತೋರಿಸಿ. ಹೆಚ್ಚು ಸಲ 'ಇದೆ' ಎಂದು ಕಂಡ ಕಣ್ಣು ಗದ್ದೆಯಲ್ಲಿಯೂ ಎಚ್ಚರವಾಗಿರುತ್ತದೆ.

4. ಹೊತ್ತು ಮತ್ತು ದಿಕ್ಕು: ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮೀಸೆ, ರೋಮ, ಎತ್ತರದ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತವೆ. ಬಣ್ಣ ನೋಡುವಾಗ ಬಿಸಿಲು ಬೆನ್ನಿಗಿರಲಿ. ನಡುಮಧ್ಯಾಹ್ನ ಈ ಕೆಲಸ ಬೇಡ.

5. ದಾರಿ ಬಿಡುವುದು: ನಾಟಿ ಮಾಡುವಾಗಲೇ ಪ್ರತಿ 2 ಮೀಟರಿಗೆ ಒಂದು ಅಡಿಯಷ್ಟು ದಾರಿ ಬಿಟ್ಟರೆ ಬೆಳೆ ತುಳಿಯದೆ ಪಟ್ಟಿ ಪಟ್ಟಿಯಾಗಿ ನೋಡಬಹುದು. ಜಿಗಿಹುಳುವಿನ ಹತೋಟಿಗೂ ಇದು ಅನುಕೂಲ.

6. ಅರ್ಧ ಗಂಟೆಗೊಮ್ಮೆ ವಿರಾಮ: ಐದು ನಿಮಿಷ ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರೆ ಕೆಲಸ ಕೆಡುವುದಿಲ್ಲ, ಸುಧಾರಿಸುತ್ತದೆ. ಗುತ್ತಿಗೆ ಕೊಟ್ಟು ಅವಸರ ಮಾಡಬಾರದು.

7. ಕಿತ್ತ ಮೇಲೆ ನಿಲ್ಲುವುದು: ಬೆರಕೆಯನ್ನು ತೆನೆ ಮಾತ್ರ ಕತ್ತರಿಸದೆ ಬುಡಸಮೇತ ಕೀಳಬೇಕು, ಇಲ್ಲವಾದರೆ ಉಳಿದ ತೆಂಡೆಗಳಿಂದ ಮತ್ತೆ ತೆನೆ ಬರುತ್ತದೆ. ಕಿತ್ತ ಜಾಗದಲ್ಲೇ ನಿಂತು ಸುತ್ತ ಒಂದು ಮಾರು ಮತ್ತೆ ನೋಡಿ ಮುಂದೆ ಹೋಗಬೇಕು. ಕಿತ್ತದ್ದನ್ನು ತಾಕಿನಿಂದ ಹೊರಗೆ ಸಾಗಿಸಬೇಕು.

8. ಆಳು ಬದಲು, ದಿಕ್ಕು ಬದಲು: ಒಬ್ಬರು ನೂರಕ್ಕೆ 30 ತಪ್ಪಿದರೆ, ಎರಡನೆಯವರು ಉಳಿದದ್ದರಲ್ಲಿ 30 ಭಾಗ ತಪ್ಪಿದರೂ ಕೊನೆಗೆ ಉಳಿಯುವುದು 9 ಮಾತ್ರ. ಆದರೆ ಅದೇ ಆಳು ಅದೇ ದಾರಿಯಲ್ಲಿ ನಡೆದರೆ ಮೊದಲು ತಪ್ಪಿದ್ದೇ ಮತ್ತೆ ತಪ್ಪಬಹುದು. ಎರಡನೆಯ ಸುತ್ತನ್ನು ಬೇರೆಯವರು, ಅಡ್ಡ ದಿಕ್ಕಿನಲ್ಲಿ ಮಾಡಬೇಕು. ಗಂಡಸರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರಿನ ಭೇದ ಸರಿಯಾಗಿ ಕಾಣುವುದಿಲ್ಲ; ಹೆಂಗಸರಲ್ಲಿ ಇದು ಬಹಳ ಅಪರೂಪ. ಬಣ್ಣ ನೋಡುವ ಸುತ್ತಿಗೆ ಹೆಣ್ಣಾಳುಗಳೇ ಉತ್ತಮ.

9. ಪರೀಕ್ಷೆಯ ತೆನೆ: ಉಳಿದ ಬೆರಕೆ ಎಷ್ಟೆಂದು ಅಂದಾಜು ಮಾಡುವುದು ಹೇಗೆ? ಮೊದಲ ಸುತ್ತಿನಲ್ಲಿ ಸಿಕ್ಕ, ಕಾಳು ಕಟ್ಟದ 10 ಬೆರಕೆ ತೆನೆಗಳನ್ನು ಕಾವು ಸಹಿತ ಕತ್ತರಿಸಿ, ಎರಡನೆಯ ಸುತ್ತು ಆರಂಭವಾಗುವ ಸ್ವಲ್ಪ ಮೊದಲು ನಿಮಗೆ ಮಾತ್ರ ಗೊತ್ತಿರುವ 10 ಬುಡಗಳಲ್ಲಿ ಸಿಕ್ಕಿಸಿ ಗುರುತು ಬರೆದಿಟ್ಟುಕೊಳ್ಳಿ. ಹತ್ತರಲ್ಲಿ ಒಂಬತ್ತು ವಾಪಸು ಬಂದರೆ ಕೆಲಸ ಒಳ್ಳೆಯದು. ಆರೇ ಬಂದರೆ, ಗದ್ದೆಯ ನಿಜವಾದ ಬೆರಕೆಯಲ್ಲಿಯೂ ಹತ್ತಕ್ಕೆ ನಾಲ್ಕರಷ್ಟು ಉಳಿದಿರಬಹುದು. ಇನ್ನೊಂದು ಸುತ್ತು ಬೇಕು. ಸಿಗದೆ ಉಳಿದ ತೆನೆಗಳನ್ನು ಮರೆಯದೆ ತೆಗೆದುಬಿಡಿ. ವಿಮಾನ ನಿಲ್ದಾಣಗಳಲ್ಲಿ ತಪಾಸಣೆಯವರ ಎಚ್ಚರ ಕಾಯಲು ಹುಸಿ ಆಯುಧದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವುದೂ ಇದೇ ತತ್ವದಿಂದ. ಆಳುಗಳಿಗೂ ಇದನ್ನು ಮೊದಲೇ ತಿಳಿಸಿರಿ. ಇದು ಅವರನ್ನು ಸಿಕ್ಕಿಹಾಕಿಸುವ ಉಪಾಯವಲ್ಲ.

ನೋಡಬಲ್ಲ ಕಣ್ಣಿಗೆ ಬೆಲೆ

ಶಿವಮೊಗ್ಗದ ಅಡಿಕೆ ಮಾರುಕಟ್ಟೆಗೆ ಬರುವ ಮಾಲಿನಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಬಗೆಗಳಿಗೆ ಬೇರೆ ಬೇರೆ ಧಾರಣೆ. ಅಡಿಕೆ ಆರಿಸುವವರು ರಾಶಿಯನ್ನು ಹಾಗೇ ನೋಡುವುದಿಲ್ಲ, ಬೆಳಕಿನಲ್ಲಿ ತೆಳ್ಳಗೆ ಹರಡಿಕೊಂಡು ನೋಡುತ್ತಾರೆ. ಆರಿಸುವ ಕಣ್ಣಿಗೆ ಬೆಲೆಯಿದೆ ಎಂಬುದನ್ನು ಅಡಿಕೆಯವರು ಬಲ್ಲರು. ಭತ್ತದ ಬೀಜ ಬೆಳೆಯುವ ನಾವೂ ಅದನ್ನು ಕಲಿಯಬೇಕು. ವರ್ಷಗಟ್ಟಲೆ ನಾಟಿ, ಕಳೆ, ಕೊಯ್ಲು ಮಾಡಿದವರ ಕಣ್ಣಿನಲ್ಲಿ ಬೆಳೆಯ ರೂಪ ಅಚ್ಚೊತ್ತಿರುತ್ತದೆ. ಅಂಥವರನ್ನು ಗುರುತಿಸಿ ಬೆರಕೆ ಕೀಳುವ ಕೆಲಸಕ್ಕೆ ಕರೆದು, ಸ್ವಲ್ಪ ಹೆಚ್ಚು ಕೂಲಿ ಕೊಟ್ಟರೂ ನಷ್ಟವಿಲ್ಲ.

ಹೂ ಬಿಡುವ ಹಂತದಿಂದ ಕೊಯ್ಲಿನವರೆಗೆ ಬೀಜದ ತಾಕಿಗೆ ಕನಿಷ್ಠ ಎರಡು ಸಲ ತಪಾಸಣೆ ನಡೆಯುತ್ತದೆ. ಅದಕ್ಕೆ ಮುಂಚೆ ಒಂದು ದಿನ ಬೆಳಗಿನ ಎಳೆಬಿಸಿಲಿನಲ್ಲಿ, ಬದು ಬಿಟ್ಟು ಗದ್ದೆಗೆ ಇಳಿಯಿರಿ. ಅನುಭವಸ್ಥ ಹೆಣ್ಣಾಳು ಯಾರಾದರೂ "ಇಲ್ಲಿ ಬೆರಕೆ ಐತೆ" ಎಂದರೆ ನನ್ನಂತೆ ತಲೆಯಾಡಿಸಿ ಹೋಗಬೇಡಿ. ನಿಂತು, ಬಗ್ಗಿ, ಅವರು ತೋರಿಸಿದ ಕಡೆ ನೋಡಿರಿ.